‘ಎಲ್ಲಿಗೆ ಬಂತು?’ ಎಂದು ಕೇಳುವ ಗೆಳತಿಯರು

ಮೇಡಂ,

ನನಗೆ 47 ವರ್ಷ, ದಾವಣಗೆರೆಯವಳು. ಮಗಳು ಓದಲು ಬೆಂಗಳೂರಿಗೆ ಹೋದ ಮೇಲೆ ಮನೆಯೆಲ್ಲ ಬಿಕೋ ಅನ್ನುತ್ತಿತ್ತು. ಪರಿಚಯದವರೊಬ್ಬರು ಕರೆದರೆಂದು ಪುಸ್ತಕ ಓದುವ ಗೆಳತಿಯರ ಗುಂಪು ಸೇರಿದೆ. ಒಂಬತ್ತು ಜನ ಇದ್ದೇವೆ. ತಿಂಗಳಿಗೊಂದು ಭಾನುವಾರ ಒಬ್ಬೊಬ್ಬರ ಮನೆಯಲ್ಲಿ ಸೇರಿ, ಮಂಡಕ್ಕಿ ಮೆಣಸಿನಕಾಯಿ ತಿಂದು, ಆಮೇಲೆ ಈಗ ಏನು ಓದುತ್ತಿದ್ದೇವೆ ಅಂತ ಸರದಿಯಲ್ಲಿ ಹೇಳುತ್ತೇವೆ.

ಗುಂಪಿನಲ್ಲಿ ಮೂವರು ಕಾಲೇಜಿನಲ್ಲಿ ಪಾಠ ಮಾಡುವವರು. ತಿಂಗಳಿಗೆ ಮೂರು ನಾಲ್ಕು ಪುಸ್ತಕ ಮುಗಿಸಿ ಬರುತ್ತಾರೆ. ನಾನು ನಾಲ್ಕು ತಿಂಗಳಿಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಹಿಡಿದು ಕೂತಿದ್ದೇನೆ, ನೂರು ಪುಟ ದಾಟಿಲ್ಲ. ರಾತ್ರಿ ಮಲಗುವ ಮುಂಚೆ ಕೈಗೆ ಬರುವುದು ತ್ರಿವೇಣಿಯವರ ‘ಶರಪಂಜರ’, ಅದೂ ಎಷ್ಟನೇ ಸಲವೋ. ಅದನ್ನು ಹೇಳಲು ನಾಚಿಕೆ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ‘ಎದೆಯ ಹಣತೆ’ ಕಥೆ ಓದಿ ನನಗೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಆದರೆ ಗುಂಪಿನಲ್ಲಿ ಅವತ್ತು ಎಲ್ಲರೂ ಅನುವಾದ, ಪ್ರಶಸ್ತಿ ಅಂತ ದೊಡ್ಡ ದೊಡ್ಡ ಮಾತಾಡುತ್ತಿದ್ದರು. ನನ್ನದು ಅಡುಗೆಮನೆ ಮಾತು ಅನ್ನಿಸಿ ಬಾಯಿ ಬಿಡಲಿಲ್ಲ.

ಹೋದ ತಿಂಗಳು ನನ್ನ ಸರದಿ ಬಂದಾಗ ‘ಮದುಮಗಳು ಮುಗಿಸಿದೆ’ ಅಂದುಬಿಟ್ಟೆ. ಒಬ್ಬರು ಖುಷಿಯಿಂದ ಮುಂದಕ್ಕೆ ಬಾಗಿ, ‘ಕೊನೇಲಿ ಹುಲಿಯನ ಭಾಗ ಓದುವಾಗ ನಿಮಗೆ ಹೇಗಾಯ್ತು?’ ಎಂದು ಕೇಳಿದರು. ‘ತುಂಬಾ ಚೆನ್ನಾಗಿದೆ’ ಅಂದೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಯಾರೋ ಕಾಫಿ ತಂದರು. ಅವತ್ತಿನಿಂದ ಆ ಪುಸ್ತಕ ಮುಟ್ಟಿಲ್ಲ. ಗುಂಪು ಬಿಟ್ಟುಬಿಡಲೇ?

– ಹೆಸರು ಬೇಡ, ದಾವಣಗೆರೆ

ನಿಮ್ಮ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ: ಗುಂಪು ಬಿಡಬೇಡಿ. ಓದುವ ಒಂಬತ್ತು ಹೆಂಗಸರು ಒಂದೇ ಊರಿನಲ್ಲಿ ತಿಂಗಳು ತಪ್ಪದೆ ಕೂತು ಮಾತಾಡುವುದು ಎಂಥ ಭಾಗ್ಯ ಎನ್ನುವುದು ಅದು ಕೈತಪ್ಪಿದವರಿಗೆ ಗೊತ್ತು.

ಈಗ ಆ ಸುಳ್ಳಿನ ವಿಷಯ. ಅದರಿಂದ ಗುಂಪಿನ ಉಳಿದವರಿಗೆ ನಷ್ಟವಾಗಿಲ್ಲ. ನಷ್ಟವಾದದ್ದು ನಿಮಗೆ ಮತ್ತು ಆ ಪ್ರಶ್ನೆ ಕೇಳಿದ ಗೆಳತಿಗೆ. ಅವರು ಮುಂದಕ್ಕೆ ಬಾಗಿ ಕೇಳಿದರು ಎಂದು ಬರೆದಿದ್ದೀರಿ. ಪರೀಕ್ಷೆ ಮಾಡುವವರು ಹಾಗೆ ಬಾಗುವುದಿಲ್ಲ. ಆ ಪುಟಗಳು ಅವರ ಮನಸ್ಸಿನಲ್ಲಿ ಎಷ್ಟು ದಿನದಿಂದ ಕೂತಿದ್ದವೋ, ಹೇಳಿಕೊಳ್ಳಲು ಜೊತೆ ಸಿಕ್ಕಿತು ಅಂದುಕೊಂಡರು. ಆ ಜೊತೆ ಅವರಿಗೆ ಸಿಗಲಿಲ್ಲ. ನಿಮಗೂ ಸಿಗಲಿಲ್ಲ.

ನೀವು ಸುಳ್ಳು ಹೇಳಿದ್ದು ಏಕೆಂದರೆ, ‘ಏನು ಓದುತ್ತಿದ್ದೀರಿ?’ ಎಂಬ ಪ್ರಶ್ನೆ ನಿಮ್ಮ ಕಿವಿಗೆ ‘ಎಷ್ಟು ಮುಗಿಸಿದಿರಿ?’ ಎಂದು ಬಿತ್ತು. ಇದರಲ್ಲಿ ನಿಮ್ಮ ತಪ್ಪು ಕಡಿಮೆ. ನಾವೆಲ್ಲ ಪಾಠ ಒಪ್ಪಿಸಿ ಬೆಳೆದವರು. ಮೇಷ್ಟ್ರ ಮುಂದೆ ಕೈಕಟ್ಟಿ ನಿಂತು, ಒಂದು ಸಾಲೂ ತಪ್ಪದೆ ಒಪ್ಪಿಸಿದರೆ ಓದಿದ ಹಾಗೆ, ತಡವರಿಸಿದರೆ ಓದದ ಹಾಗೆ. ಆ ಹುಡುಗಿ ನಲವತ್ತೇಳನೇ ವಯಸ್ಸಿನಲ್ಲೂ ನಮ್ಮೊಳಗೆ ಕೈಕಟ್ಟಿ ನಿಂತೇ ಇರುತ್ತಾಳೆ. ಪಕ್ಕದಲ್ಲಿ ಮೂವರು ಪಾಠ ಹೇಳುವವರೂ ಕೂತಿದ್ದರೆ ಕೇಳಬೇಕೆ?

ಆದರೆ ನಮ್ಮ ನಾಡಿನಲ್ಲಿ ಪುಸ್ತಕವನ್ನು ಹಂಚಿಕೊಳ್ಳುವ ಹಳೆಯ ರೀತಿಯೇ ಬೇರೆ ಇತ್ತು. ಗಮಕದ ವಾಚನ ನೆನಪು ಮಾಡಿಕೊಳ್ಳಿ. ಗುಡಿಯ ಅಂಗಳದಲ್ಲೋ ಯಾರದೋ ಮನೆಯ ಜಗಲಿಯಲ್ಲೋ ಸಂಜೆ ದೀಪ ಹಚ್ಚಿದ ಮೇಲೆ ಒಬ್ಬರು ಕುಮಾರವ್ಯಾಸನನ್ನು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಹತ್ತು ಪರ್ವಗಳ ಆ ಭಾರತ ಒಂದು ರಾತ್ರಿಗೆ ಮುಗಿಯುವಂಥದ್ದಲ್ಲ. ದಿನಗಟ್ಟಲೆ, ತಿಂಗಳುಗಟ್ಟಲೆ ನಡೆಯುತ್ತಿತ್ತು. ಬರಲಾಗದವರು ಮಾರನೇ ದಿನ ಬಾವಿಕಟ್ಟೆಯಲ್ಲಿ ಕೇಳುತ್ತಿದ್ದುದು ಒಂದೇ ಮಾತು: ‘ಎಲ್ಲಿಗೆ ಬಂತು?’ ಎಲ್ಲರೂ ಕಥೆಯ ನಡುವೆ ಇದ್ದವರೇ. ಮುಗಿಸಿದ್ದೇನೆ ಎಂಬ ಹೆಚ್ಚುಗಾರಿಕೆಗೆ ಅಲ್ಲಿ ಎಡೆಯೇ ಇರಲಿಲ್ಲ.

ನನ್ನ ಬಾಲ್ಯದಲ್ಲಿ ಇದೇ ಮಾತು ವಾರಪತ್ರಿಕೆಗಳ ಧಾರಾವಾಹಿಗೆ ಬಂದಿತ್ತು. 1965ರಲ್ಲಿ ಶುರುವಾದ ‘ಸುಧಾ’ ನಮ್ಮ ಬೀದಿಯಲ್ಲಿ ಒಂದೇ ಮನೆಗೆ ಬರುತ್ತಿತ್ತು. ಅಲ್ಲಿಂದ ನಾಲ್ಕು ಮನೆ ಸುತ್ತಿ ನಮ್ಮಮ್ಮನ ಕೈಸೇರುವ ಹೊತ್ತಿಗೆ ಅದರ ಅಂಚೆಲ್ಲ ಮಡಿಚಿಹೋಗಿರುತ್ತಿತ್ತು. ಧಾರಾವಾಹಿಯ ಕಂತು ಓದಿದ ಸಂಜೆ ಕಾಂಪೌಂಡಿನ ಆಚೆ ಈಚೆ ನಿಂತು ಅಮ್ಮ, ಪಕ್ಕದ ಮನೆ ಅತ್ತೆ ಇಬ್ಬರೂ ವಾದಕ್ಕೆ ನಿಲ್ಲುತ್ತಿದ್ದರು. ಆ ಹುಡುಗಿ ಗಂಡನ ಮನೆಗೆ ವಾಪಸ್ ಹೋಗುತ್ತಾಳೋ ಇಲ್ಲವೋ? ಹೋಗಬೇಕೋ ಬೇಡವೋ? ಅಂತ್ಯ ಇಬ್ಬರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಮಾತಿಗೆ ಅಷ್ಟು ಕಾವು. ಶಾಲೆಗೆ ಹೆಚ್ಚು ಹೋಗದ ಅತ್ತೆ ಪಾತ್ರಗಳ ಮನಸ್ಸನ್ನು ಬಿಡಿಸಿ ಹೇಳುತ್ತಿದ್ದುದನ್ನು ಕೇಳಿ ಕೇಳಿಯೇ ನಾನು ಈ ಕೆಲಸಕ್ಕೆ ಬಂದೆ ಎಂದರೂ ತಪ್ಪಿಲ್ಲ.

ನಿಮಗೆ ನಾನು ಹೇಳಬೇಕಾದದ್ದು ಇಷ್ಟೇ: ಪುಸ್ತಕದ ನಡುವೆ ನಿಂತು ಮಾತಾಡಿ. ಮುಗಿಸಿದವರು ತೀರ್ಮಾನ ಹೇಳುತ್ತಾರೆ, ಅದನ್ನು ಕೇಳಿ ನಾವು ತಲೆಯಾಡಿಸುತ್ತೇವೆ. ನಡುವೆ ಇರುವವರ ಹತ್ತಿರ ಅನುಮಾನ ಇರುತ್ತದೆ, ಆಸೆ ಇರುತ್ತದೆ, ಯಾವುದೋ ಪಾತ್ರದ ಮೇಲೆ ಸಿಟ್ಟು ಇರುತ್ತದೆ. ಬೇರೆಯವರು ಕೈಹಾಕಲು ಜಾಗ ಇರುವುದು ಅಲ್ಲಿ.

ನಿಮ್ಮ ಮೂರು ಪುಸ್ತಕಗಳನ್ನೇ ನೋಡಿ.

‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂದ ಕಾದಂಬರಿ. ಅದಕ್ಕೆ ಒಬ್ಬ ನಾಯಕ, ಒಬ್ಬಳು ನಾಯಕಿ ಅಂತಿಲ್ಲ. ಗುತ್ತಿ ಮತ್ತು ಅವನ ನಾಯಿ ಹುಲಿಯನ ಹಿಂದೆ ಹೊರಟರೆ ಮನೆ ಮನೆಗೂ ಹತ್ತಾರು ಜನ ಎದುರಾಗುತ್ತಾರೆ. ಯಾರು ಯಾರಿಗೆ ಏನಾಗಬೇಕು ಎಂದು ತಿಳಿಯುವಷ್ಟರಲ್ಲಿ ಕಥೆ ಇನ್ನೊಂದು ಹಟ್ಟಿಗೆ ಹೋಗಿರುತ್ತದೆ. ಮೊದಲ ನೂರು ಪುಟದಲ್ಲಿ ದಾರಿ ತಪ್ಪಿದಂತೆ ಅನ್ನಿಸುವುದು ಸಹಜ. ಕಾಡಿನ ದಾರಿ ಅದು. ಒಂದು ಹಾಳೆಯಲ್ಲಿ ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ ಎಂದು ಮನೆಗಳ ಹೆಸರು ಬರೆದು, ಕೆಳಗೆ ಅಲ್ಲಿನ ಜನರ ಹೆಸರು ಸೇರಿಸುತ್ತಾ ಹೋಗಿ. ದಿನಕ್ಕೆ ಒಂದು ಅಧ್ಯಾಯ ಸಾಕು. ಗುಂಪಿನಲ್ಲಿ ಆ ಹಾಳೆ ತೋರಿಸಿ, ‘ನನಗೆ ಇಲ್ಲಿ ಗೊಂದಲ’ ಅನ್ನಿ. ಓದಿದವರೆಲ್ಲ ಹಾಳೆಯ ಮೇಲೆ ಬಗ್ಗುತ್ತಾರೆ.

‘ಶರಪಂಜರ’ವನ್ನು ಮತ್ತೆ ಮತ್ತೆ ಓದುತ್ತೀರಿ ಎಂಬುದನ್ನು ಮುಚ್ಚಿಡುವ ಕಾರಣ ನನಗೆ ಕಾಣುವುದಿಲ್ಲ. ತ್ರಿವೇಣಿ ಮನಃಶಾಸ್ತ್ರ ಓದಿದವರು. ಬಾಣಂತಿಯಾದ ಮೇಲೆ ಮನಸ್ಸು ಕದಡಿದ ಹೆಣ್ಣು ಗುಣವಾಗಿ ಮನೆಗೆ ಬಂದರೂ ಸುತ್ತಲಿನವರು ಅವಳನ್ನು ಗುಣವಾಗಲು ಬಿಡದ ಕಥೆ ಅದು. ಮಾನಸಿಕ ಕಾಯಿಲೆ ಎಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಮನೆಗಳೊಳಗೆ ಅದು ಪುಸ್ತಕವಾಗಿ ಹೋಯಿತು. 1971ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದ ಮೇಲೆ ಓದು ಬಾರದವರಿಗೂ ತಲುಪಿತು. ನನ್ನ ಹತ್ತಿರ ಸಲಹೆಗೆ ಬರುವ ಬಾಣಂತಿಯರ ಮನೆಯವರಿಗೆ ಅದನ್ನು ಓದಿ ಎಂದು ನಾನು ಇವತ್ತಿಗೂ ಹೇಳುತ್ತೇನೆ. ಇಪ್ಪತ್ತನೇ ವಯಸ್ಸಿನಲ್ಲಿ ಅದನ್ನು ಓದಿದ ನೀವೇ ಬೇರೆ, ಮಗಳನ್ನು ದೊಡ್ಡವಳು ಮಾಡಿ ಕಳಿಸಿದ ಈಗಿನ ನೀವೇ ಬೇರೆ. ಈ ಸಲ ಯಾವ ಪುಟದಲ್ಲಿ ನಿಂತಿರಿ? ಹಿಂದಿನ ಸಲ ಕಾಣದ್ದು ಏನು ಕಂಡಿತು? ಇದನ್ನು ಹೇಳಲು ಹತ್ತು ನಿಮಿಷವೂ ಸಾಲದು.

ಇನ್ನು ‘ಎದೆಯ ಹಣತೆ’. ತವರಿನವರೇ ಹಿಂದಕ್ಕೆ ತಂದು ಬಿಡುವ ಮೆಹರುನ್‌ಳ ಕಥೆ ಓದಿ ನಿದ್ದೆ ಬಾರದೆ ಹೊರಳಾಡಿದವರು ನೀವು. ಅವತ್ತು ಆ ಕೋಣೆಯಲ್ಲಿ ಕಥೆಯ ಬಗ್ಗೆ ಹೇಳಲು ಮಾತಿದ್ದದ್ದು ನಿಮ್ಮ ಹತ್ತಿರ. ಅದನ್ನು ಅಡುಗೆಮನೆ ಮಾತು ಎಂದು ಬದಿಗೆ ಸರಿಸಿದಿರಿ. ಬಾನು ಅವರು ಬರೆದದ್ದೇ ಅಂಥ ಮನೆಗಳ ಒಳಗಿನ ಮಾತನ್ನಲ್ಲವೇ?

ಈಗ ಮಾಡಬೇಕಾದದ್ದು.

ಮೊದಲು, ಪ್ರಶ್ನೆ ಕೇಳಿದ ಗೆಳತಿಗೆ ಫೋನ್ ಮಾಡಿ, ಮುಂದಿನ ಭಾನುವಾರಕ್ಕೆ ಕಾಯದೆ. ಸುತ್ತಿ ಬಳಸಿ ಹೇಳಬೇಡಿ. ‘ಅವತ್ತು ಮುಗಿಸಿದೆ ಅಂದದ್ದು ಸುಳ್ಳು. ಇನ್ನೂ ನೂರನೇ ಪುಟದಲ್ಲಿದ್ದೇನೆ, ಹೇಳೋಕೆ ನಾಚಿಕೆಯಾಯ್ತು’ ಅಂದರೆ ಸಾಕು. ಅವರಿಗೆ ಆ ಮೌನದಲ್ಲೇ ಗೊತ್ತಾಗಿರಬಹುದು. ಗೊತ್ತಾಗಿಯೂ ಯಾರೂ ನಿಮ್ಮನ್ನು ಕೆದಕಲಿಲ್ಲ, ಕಾಫಿ ತಂದರು. ನಿಮ್ಮ ಗೆಳತಿಯರು ಎಂಥವರು ಎಂಬುದಕ್ಕೆ ನನಗೆ ಆ ಕಾಫಿಯೇ ಸಾಕ್ಷಿ.

ಎರಡನೆಯದು, ನಿಮ್ಮ ಸರದಿ ಬಂದಾಗ ಮೂರೇ ವಿಷಯ ಹೇಳಿ: ಎಲ್ಲಿಗೆ ಬಂತು, ಯಾವ ದೃಶ್ಯ ಬಿಟ್ಟು ಹೋಗುತ್ತಿಲ್ಲ, ಎಲ್ಲಿ ತೊಡರುತ್ತಿದೆ. ಕಥೆ ಪೂರ್ತಿ ಹೇಳಬೇಡಿ. ಬೇರೆಯವರು ಅದೇ ಪುಸ್ತಕ ಓದುತ್ತಿದ್ದರೆ ಅವರು ಎಲ್ಲಿಗೆ ಬಂದಿದ್ದಾರೆಂದು ಕೇಳಿಕೊಂಡು, ಅದರಿಂದ ಮುಂದಕ್ಕೆ ಹೋಗಬೇಡಿ. ಓದಲಾಗದೆ ಕೆಳಗಿಟ್ಟ ಪುಸ್ತಕವಿದ್ದರೆ ‘ಕೆಳಗಿಟ್ಟೆ’ ಅನ್ನಿ. ನೀವೊಬ್ಬರು ಹಾಗೆ ಅಂದರೆ ಇನ್ನಿಬ್ಬರ ಎದೆಯ ಭಾರವೂ ಇಳಿಯುತ್ತದೆ. ತಿಂಗಳಿಗೆ ನಾಲ್ಕು ಓದುವವರೂ ಎಲ್ಲವನ್ನೂ ಮನಸಾರೆ ಓದಿರುತ್ತಾರೆ ಎಂದುಕೊಳ್ಳಬೇಡಿ.

ಮೂರನೆಯದು, ಹೇಳದೆ ಇರುವ ಸ್ವಾತಂತ್ರ್ಯವೂ ನಿಮಗಿದೆ. ಕೆಲವು ಪುಸ್ತಕಗಳನ್ನು ನಾವು ನಮ್ಮ ನೋವಿಗಾಗಿ ಓದುತ್ತೇವೆ. ಅದು ಎಲ್ಲರ ಮುಂದೆ ಬಿಚ್ಚುವಂಥದ್ದಲ್ಲ ಅನ್ನಿಸಿದರೆ, ‘ಒಂದು ಪುಸ್ತಕ ಓದುತ್ತಿದ್ದೇನೆ, ಈಗ ಹೇಳಲಾರೆ’ ಎಂದು ನಿಲ್ಲಿಸಿ. ಮಗಳಿಲ್ಲದ ಮನೆಯಲ್ಲಿ ರಾತ್ರಿ ಹೊತ್ತು ಹಳೆಯ ಪುಸ್ತಕಕ್ಕೆ ಕೈಚಾಚುವುದರಲ್ಲಿ ಅಂಥದ್ದೇನಾದರೂ ಇದ್ದರೆ ಅದು ನಿಮ್ಮದಾಗಿಯೇ ಇರಲಿ. ಸುಳ್ಳು ಹೇಳುವುದಕ್ಕಿಂತ ಸುಮ್ಮನಿರುವುದು ಸುಲಭ, ಮನಸ್ಸಿಗೂ ಹಿತ.

ಇವತ್ತು ರಾತ್ರಿಯೇ ಗುರುತಿಟ್ಟ ಪುಟ ತೆಗೆಯಿರಿ. ಅವಸರ ಬೇಡ, ಮುಂದಿನ ಮಳೆಗಾಲದವರೆಗೂ ಓದಿ. ಹುಲಿಯನ ಆ ಭಾಗ ಬಂದ ದಿನ, ಹೊತ್ತು ಎಷ್ಟಾಗಿದ್ದರೂ ಸರಿ, ಆ ಗೆಳತಿಗೆ ಫೋನ್ ಮಾಡಿ. ಅವರು ಕೇಳಿದ ಪ್ರಶ್ನೆಗೆ ನೀವು ಕೊಡಬೇಕಾದ ಉತ್ತರ ಇನ್ನೂ ಬಾಕಿ ಇದೆ.