ಮಳೆಗಾಲಕ್ಕೂ ಒಬ್ಬರು ಬೇಕು

ಗೋಕರ್ಣದ ರಥಬೀದಿಯಿಂದ ಐದು ನಿಮಿಷ ನಡೆದರೆ ನನ್ನ ಚಿಕ್ಕಮ್ಮನ ಮನೆ. ಹೆಂಚಿನ ಮಾಡು, ಎದುರಿಗೆ ಅಂಗಳ, ಹಿಂದೆ ಬಾವಿ. ಮಕ್ಕಳು ಊರು ಬಿಟ್ಟ ಮೇಲೆ ಖಾಲಿಬಿದ್ದ ನಾಲ್ಕು ಕೋಣೆಗಳನ್ನು ಅವರು ಬಾಡಿಗೆಗೆ ಕೊಡತೊಡಗಿದರು. ಯಾತ್ರಿಕರು ಪುರೋಹಿತರ ಮನೆಯಲ್ಲೇ ಇಳಿದುಕೊಳ್ಳುವ ರೂಢಿ ಈ ಊರಿಗೆ ಹಳೆಯದು. ಹಾಗಾಗಿ ಬಂದವರಿಗೆ ‘ಆಸ್ರಿಗೆ ಎಂತ ಕೊಡ್ಲಿ?’ ಎಂದು ಕೇಳುವುದನ್ನು ಚಿಕ್ಕಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಲಿಯಬೇಕಿದ್ದದ್ದು ಲೆಕ್ಕ. ಅವರ ಜೊತೆ ಕೂತು ಆ ಲೆಕ್ಕದ ಪುಸ್ತಕ ಬರೆದವನು ನಾನು.

ಇಲ್ಲಿ ಸೀಸನ್ ಅಂದರೆ ಅಕ್ಟೋಬರ್‌ನಿಂದ ಮಾರ್ಚ್. ಕುಡ್ಲೆ, ಓಂ ಬೀಚಿಗೆಂದು ಬರುವವರು ಎರಡು ರಾತ್ರಿ ಇದ್ದು ಹೊರಡುತ್ತಾರೆ. ವಿದೇಶಿಯರಲ್ಲಿ ಕೆಲವರು ಎರಡು ಮೂರು ತಿಂಗಳು ನಿಲ್ಲುತ್ತಾರೆ. ದಿನಾ ಚಾದರ ಒಗೆಯುವ ಕೆಲಸವಿಲ್ಲ, ಬಾಡಿಗೆಯೂ ಒಟ್ಟಿಗೆ ಬರುತ್ತದೆ ಎಂದು ಚಿಕ್ಕಮ್ಮ 2023ರ ಜನವರಿಯಲ್ಲಿ ನಾಲ್ಕೂ ಕೋಣೆಗಳನ್ನು ತಿಂಗಳ ಲೆಕ್ಕಕ್ಕೆ ಕೊಟ್ಟುಬಿಟ್ಟರು. ಆ ವರ್ಷ ಶಿವರಾತ್ರಿ ಫೆಬ್ರುವರಿ 18, ಶನಿವಾರ. ಪ್ರತಿ ಸಲ ಬರುವ ಹುಬ್ಬಳ್ಳಿ ಕಡೆಯ ಕುಟುಂಬವೊಂದು ಎಂದಿನಂತೆ ಹಿಂದಿನ ದಿನವೇ ಬಂದು ಅಂಗಳದಲ್ಲಿ ಚೀಲ ಇಳಿಸಿತು. ಫೋನು ಮಾಡುವ ಅಭ್ಯಾಸ ಅವರಿಗಿಲ್ಲ, ನಾವೂ ಕೇಳಿರಲಿಲ್ಲ. ಊರಲ್ಲಿ ಬೇರೆಲ್ಲೂ ಜಾಗವಿಲ್ಲ. ಆ ಮನೆಯ ಅಜ್ಜಿ ಜಗಲಿಯ ಮೇಲೆ ಕೂತು ನೀರು-ಬೆಲ್ಲ ತೆಗೆದುಕೊಂಡು, ‘ಇರ್ಲಿ ಬಿಡವಾ, ದರ್ಶನ ಆದ್ರ ಸಾಕು’ ಎಂದರು. ಬೈದಿದ್ದರೆ ಚಿಕ್ಕಮ್ಮನಿಗೆ ಅಷ್ಟು ನೋಯುತ್ತಿರಲಿಲ್ಲ.

ಅಲ್ಲಿಂದೀಚೆಗೆ ಎರಡು ಕೋಣೆ ತಿಂಗಳವರಿಗೆ, ಎರಡು ಬಂದುಹೋಗುವವರಿಗೆ. ಶಿವರಾತ್ರಿಗೆ ತಿಂಗಳಿರುವಾಗಲೇ ಹಳಬರಿಗೆ ಫೋನು ಹೋಗುತ್ತದೆ.

ತಿಂಗಳವರದ್ದು ಬೇರೆಯೇ ಪಾಠ. ಒಬ್ಬರು ಕೋಣೆಯಲ್ಲೇ ಕರೆಂಟಿನ ಒಲೆ ಇಟ್ಟು ಮೂರು ಹೊತ್ತೂ ಅಡುಗೆ ಮಾಡಿದರು. ಬಿಲ್ಲು ಬಂದಾಗಲೇ ನಮಗೆ ಗೊತ್ತಾದದ್ದು. ಮೊದಲೇ ಮಾತಾಡದ ತಪ್ಪು ನಮ್ಮದು. ಈಗ ಆ ಎರಡು ಕೋಣೆಗೂ ಬೇರೆ ಮೀಟರಿದೆ. ವಿದೇಶಿಯರು ಬಂದ 24 ಗಂಟೆಯೊಳಗೆ ಅವರ ವಿವರದ ಫಾರಂ ಆನ್‌ಲೈನಿನಲ್ಲಿ ತುಂಬಬೇಕು. ರಾತ್ರಿ ಬಸ್ಸಿಗೆ ಬಂದವರದ್ದನ್ನು ನಾಳೆ ನೋಡೋಣ ಎಂದರೆ ಮರೆತೇಹೋಗುತ್ತದೆ. ಅದಕ್ಕೇ ಕೋಣೆಯ ಕೀಲಿ ಕೊಡುವ ಮೊದಲೇ ಪಾಸ್‌ಪೋರ್ಟು, ವೀಸಾದ ಫೋಟೊ ತೆಗೆದುಕೊಳ್ಳುತ್ತೇವೆ.

ಆದರೆ ಈ ಮನೆಯನ್ನು ನಿಜವಾಗಿ ಪರೀಕ್ಷೆ ಮಾಡುವುದು ಮಳೆ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಸುರಿಯುವ ಕರಾವಳಿ ಇದು. ಮೊದಲೆಲ್ಲ ಜೂನ್ ಬಂತೆಂದರೆ ಚಿಕ್ಕಮ್ಮ ಕೋಣೆಗಳಿಗೆ ಬೀಗ ಹಾಕುತ್ತಿದ್ದರು. ಸೆಪ್ಟೆಂಬರಿನಲ್ಲಿ ತೆಗೆದರೆ ಹತ್ತಿಯ ಹಾಸಿಗೆಯ ಮೇಲೆ ಕಪ್ಪು ಚುಕ್ಕಿ, ಕಪಾಟಿನೊಳಗೆ ಮುಗ್ಗಲು ವಾಸನೆ, ಉಪ್ಪುಗಾಳಿಗೆ ತುಕ್ಕು ಹಿಡಿದು ಅಲುಗದ ಚಿಲಕ. ಪಿತೃಪಕ್ಷಕ್ಕೆ ಶ್ರಾದ್ಧ ಮಾಡಿಸಲು ಬರುವವರಿಗೆ ಅಂಥ ಕೋಣೆ ಕೊಡುವುದು ಹೇಗೆ? ಒಂದು ವರ್ಷ ಮೂರು ಹಾಸಿಗೆ ಎಸೆದೆವು.

2023ರ ಜುಲೈನಲ್ಲಿ ಬೆಂಗಳೂರಿನ ಒಬ್ಬ ಹುಡುಗಿ ಬಂದಳು. ಕಂಪ್ಯೂಟರಿನಲ್ಲೇ ಕೆಲಸ, ಮಳೆ ನೋಡಬೇಕೆಂಬ ಆಸೆ. ಚಿಕ್ಕಮ್ಮ ಹಿಂದೆಮುಂದೆ ನೋಡಿ, ಕೊನೆಗೆ ಅರ್ಧ ಬಾಡಿಗೆಗೆ ಒಪ್ಪಿದರು. ಸಂಜೆ ಕರೆಂಟು ಹೋದರೆ ಅವಳು ಅಡುಗೆಮನೆಗೇ ಬಂದು ತಂಬ್ಳಿಗೆ ಕಾಯಿ ತುರಿಯುತ್ತಿದ್ದಳು. ಸೆಪ್ಟೆಂಬರಿನಲ್ಲಿ ಅವಳು ಹೊರಟ ಮೇಲೆ ಚಿಕ್ಕಮ್ಮ ಹಾಸಿಗೆ ಎತ್ತಿ, ಮಗುಚಿ, ಮೂಗಿಗೆ ಹಿಡಿದು ನೋಡಿದರು. ಒಂದು ಚುಕ್ಕಿ ಇಲ್ಲ. ಪಕ್ಕದ ಬೀಗ ಹಾಕಿದ ಕೋಣೆಯ ಗೋಡೆಯಲ್ಲಿ ಬೂಷ್ಟು ಅಂಗೈಯಗಲ ಹಬ್ಬಿತ್ತು. ದಿನಾ ಬಾಗಿಲು ತೆಗೆದದ್ದು, ಫ್ಯಾನು ತಿರುಗಿದ್ದು, ಅಷ್ಟೇ ವ್ಯತ್ಯಾಸ.

ಈಗ ಮಳೆಗಾಲದ ಬಾಡಿಗೆ ಅರ್ಧ, ಒಂದೇ ಷರತ್ತು: ಹೊಳವಾದಾಗಲೆಲ್ಲ ಖಾಲಿ ಕೋಣೆಗಳ ಕಿಟಕಿಯನ್ನೂ ತೆಗೆದಿಡಬೇಕು. ಈ ಸಲ ನಿವೃತ್ತ ಮೇಷ್ಟ್ರೊಬ್ಬರು ಮುಂಗಡ ಕೊಟ್ಟಿದ್ದಾರೆ. ಷರತ್ತು ಕೇಳಿದವರೇ, ಯಾವ ಕೋಣೆಯ ಕೀಲಿ ಯಾವುದೆಂದು ಚೀಟಿಯಲ್ಲಿ ಬರೆದುಕೊಂಡು ಹೋದರು.