ಹಳೇ ಡಿಎಸ್‌ಎಲ್‌ಆರ್ ತಗೊಳ್ಳೋದಾ, ಹೊಸ ಸೂಪರ್‌ಜೂಮ್ ತಗೊಳ್ಳೋದಾ?

ಇಂಟರ್ನ್‌ಶಿಪ್ ಸ್ಟೈಪೆಂಡ್ ಬಂದ ವಾರ ನಮ್ಮ ಫೋಟೋ ತಂಡದವರಿಗೆ ಒಂದೇ ಪ್ರಶ್ನೆ ಬೇರೆ ಬೇರೆ ಹಾಸ್ಟೆಲ್ ರೂಮುಗಳಿಂದ ಬರುತ್ತೆ. ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ತಗೊಳ್ಳೋದಾ, ಅಥವಾ ಇನ್ನೂ ಸ್ವಲ್ಪ ಸೇರಿಸಿ ಹೊಸ ಸೂಪರ್‌ಜೂಮ್ ತಗೊಳ್ಳೋದಾ? ಕೇಳೋರ ಹತ್ತಿರ ಇರೋದು ಒಂದೇ ಸಲದ ದುಡ್ಡು. ತಪ್ಪು ಕ್ಯಾಮೆರಾ ತಗೊಂಡರೆ ಅದು ಬೀರುವಿನಲ್ಲಿ ಕೂರುತ್ತೆ, ಮುಂದಿನ ಕ್ಯಾಮೆರಾ ಕೆಲಸ ಸಿಕ್ಕಿದ ಮೇಲೆಯೇ.

ಈ ವರ್ಷ ಪ್ರಶ್ನೆ ನಮ್ಮದೂ ಆಗಿದೆ. ಸಂಘದ ಹುಂಡಿಯಲ್ಲಿ ಒಂದು ಕ್ಯಾಮೆರಾಗೆ ಸಾಕಾಗುವಷ್ಟು ಹಣ ಸೇರಿದೆ, ಎರಡಕ್ಕೆ ಇಲ್ಲ. ರಾಜ್ಯೋತ್ಸವಕ್ಕೆ ಮುಂಚೆ ತೀರ್ಮಾನ ಆಗಬೇಕು. ತಂಡದಲ್ಲಿ ಎರಡು ಪಕ್ಷ ಇವೆ: ಭಾನುವಾರ ಬೆಳಿಗ್ಗೆ ಕೆರೆ ಏರಿ ಮೇಲೆ ಹಕ್ಕಿ ಹುಡುಕೋರು, ಸಂಜೆ ಆಡಿಟೋರಿಯಂನಲ್ಲಿ ವೇದಿಕೆ ಕೆಳಗೆ ನಿಲ್ಲೋರು. ಇಬ್ಬರೂ ಯೂಟ್ಯೂಬ್ ವಿಡಿಯೋ ತೋರಿಸಿ ವಾದ ಮಾಡ್ತಿದ್ದರು. ನಾವು ಎಂಜಿನಿಯರಿಂಗ್ ಓದ್ತಿರೋರಲ್ಲವಾ, ಕ್ಯಾಲ್ಕುಲೇಟರ್ ತೆಗೆದು ನೋಡೋಣ ಅಂತ ಕೂತೆವು. ಅದರ ಫಲ ಈ ಲೇಖನ.

ಸುಮ್ಮನೆ ಹಳೇದು, ಹೊಸದು ಅಂದರೆ ಲೆಕ್ಕ ಸಾಗಲ್ಲ. ಹಾಗಾಗಿ ಎರಡು ನಿರ್ದಿಷ್ಟ ಕ್ಯಾಮೆರಾ ಇಟ್ಟುಕೊಳ್ಳೋಣ. ಹಳೇದು ನಿಕಾನ್ ಡಿ7000, 2010ರದ್ದು. ಹೊಸದು ನಿಕಾನ್ ಕೂಲ್‌ಪಿಕ್ಸ್ ಪಿ950, 2020ರದ್ದು. 83 ಪಟ್ಟು ಜೂಮ್, ಲೆನ್ಸ್ ಬಿಚ್ಚೋಕೆ ಆಗಲ್ಲ. ಈ ಜೋಡಿಯನ್ನೇ ಆರಿಸಿದ್ದಕ್ಕೆ ಕಾರಣ ಇದೆ: ಎರಡರದ್ದೂ 16 ಮೆಗಾಪಿಕ್ಸೆಲ್. ಜಾಹೀರಾತಿನ ಆ ಅಂಕಿ ಎರಡು ಕಡೆಯೂ ಸಮ ಆದ್ದರಿಂದ ಅದನ್ನು ಪಕ್ಕಕ್ಕಿಟ್ಟು ಉಳಿದದ್ದನ್ನು ನೋಡಬಹುದು.

ಡಿ7000ನ ಸೆನ್ಸರ್ 23.6 x 15.6 ಮಿ.ಮೀ. ಪಿ950ದ್ದು ಸುಮಾರು 6.2 x 4.6 ಮಿ.ಮೀ., ಅಂದರೆ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ವಿಸ್ತೀರ್ಣದಲ್ಲಿ 13 ಪಟ್ಟು ವ್ಯತ್ಯಾಸ. ಅಷ್ಟೇ ಪಿಕ್ಸೆಲ್‌ಗಳನ್ನು ಅಷ್ಟು ಚಿಕ್ಕ ಜಾಗದಲ್ಲಿ ತುಂಬಿದ್ದರಿಂದ ಒಂದು ಪಿಕ್ಸೆಲ್‌ನ ಅಗಲ 1.34 ಮೈಕ್ರಾನ್; ಡಿ7000ನಲ್ಲಿ 4.8 ಮೈಕ್ರಾನ್. ವೇದಿಕೆ ಪಕ್ಷದವರು ಇಲ್ಲಿಗೇ ಲೆಕ್ಕ ನಿಲ್ಲಿಸಿ ‘ಗೆದ್ದೆವು’ ಅಂದರು. ಆದರೆ ಕ್ಯಾಮೆರಾದ ಒಳಗೆ ಎಷ್ಟು ಬೆಳಕು ಬರುತ್ತೆ ಅನ್ನೋದನ್ನ ನಿರ್ಧರಿಸೋದು ಸೆನ್ಸರ್ ಒಂದೇ ಅಲ್ಲ, ಮುಂದಿರೋ ಕಿಂಡಿ.

ಆ ಕಿಂಡಿಯ ವ್ಯಾಸ ಕಂಡುಹಿಡಿಯೋದು ಒಂದು ಭಾಗಾಕಾರ. ಲೆನ್ಸ್‌ನ ನಿಜವಾದ ಫೋಕಲ್ ಲೆಂಗ್ತನ್ನು ಎಫ್ ಸಂಖ್ಯೆಯಿಂದ ಭಾಗಿಸಿ, ಅಷ್ಟೇ. ‘ನಿಜವಾದ’ ಅಂತ ಒತ್ತಿ ಹೇಳ್ತೀವಿ. ಪಿ950 ಡಬ್ಬದ ಮೇಲೆ 24ರಿಂದ 2000 ಮಿ.ಮೀ. ಅಂತ ಇರೋದು ಹಳೇ 35 ಮಿ.ಮೀ. ಫಿಲ್ಮ್ ಕ್ಯಾಮೆರಾಗೆ ಹೋಲಿಸಿದ ಲೆಕ್ಕ. ಲೆನ್ಸ್ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಿರೋದು 4.3ರಿಂದ 357 ಮಿ.ಮೀ. ಪೂರ್ತಿ ಜೂಮ್ ಮಾಡಿದಾಗ ಎಫ್ 6.5. ಅಂದರೆ 357ನ್ನು 6.5ರಿಂದ ಭಾಗಿಸಿದರೆ 55 ಮಿ.ಮೀ. ಈಗ ಡಿ7000ಗೆ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹಾಕೋ 70-300 ಲೆನ್ಸ್ ತಗೊಳ್ಳಿ. 300ರಲ್ಲಿ ಎಫ್ 5.6. ಭಾಗಿಸಿದರೆ 53.6 ಮಿ.ಮೀ.

ಎರಡೂ ಹೆಚ್ಚುಕಡಿಮೆ ಒಂದೇ! ದೂರದ ಹಕ್ಕಿಯ ಮೈಯಿಂದ ಹೊರಟು ಕ್ಯಾಮೆರಾ ಒಳಗೆ ಸೇರೋ ಬೆಳಕು ಎರಡರಲ್ಲೂ ಸಮ. 13 ಪಟ್ಟು ದೊಡ್ಡ ಸೆನ್ಸರ್ ಇದ್ದರೂ ಡಿ7000ಗೆ ಆ ಹಕ್ಕಿಯಿಂದ ಒಂದು ಫೋಟಾನ್ ಜಾಸ್ತಿ ಸಿಗಲ್ಲ. ಉಳಿದ ಸೆನ್ಸರ್ ಮೇಲೆ ಬೀಳೋದು ಆಕಾಶ, ಜೊಂಡು, ನೀರು. ನಮ್ಮಲ್ಲಿ ತುಂಬಾ ಜನಕ್ಕೆ ಇದು ಹೊಸ ವಿಷಯ ಆಗಿತ್ತು.

ಉದಾಹರಣೆಗೆ ಗದ್ದೆ ಮಿಂಚುಳ್ಳಿ ತಗೊಳ್ಳೋಣ, ಕ್ಯಾಂಪಸ್ ಹಿಂದಿನ ತಂತಿ ಮೇಲೂ ಕೂರುತ್ತಲ್ಲ, ಎದೆ ಬಿಳಿ, ಬೆನ್ನು ನೀಲಿ. ಉದ್ದ ಸುಮಾರು 27 ಸೆಂ.ಮೀ. ಅದು 50 ಮೀಟರ್ ದೂರದಲ್ಲಿದೆ ಅಂತಿಟ್ಟುಕೊಳ್ಳಿ. ಸಮರೂಪ ತ್ರಿಭುಜದ ಲೆಕ್ಕ, ಹೈಸ್ಕೂಲಿನದ್ದೇ. ಡಿ7000 ಸೆನ್ಸರ್ ಮೇಲೆ ಹಕ್ಕಿಯ ಬಿಂಬ 1.6 ಮಿ.ಮೀ., ಅಂದರೆ ಸುಮಾರು 340 ಪಿಕ್ಸೆಲ್ ಉದ್ದ. ಪಿ950ನಲ್ಲಿ ಬಿಂಬ 1.9 ಮಿ.ಮೀ., ಆದರೆ ಪಿಕ್ಸೆಲ್ ಚಿಕ್ಕದಾದ್ದರಿಂದ 1440 ಪಿಕ್ಸೆಲ್. ನಾಲ್ಕು ಪಟ್ಟಿಗಿಂತ ಜಾಸ್ತಿ!

ಈಗ ಕೆರೆ ಪಕ್ಷದವರು ಕುಣಿಯೋಕೆ ಮುಂಚೆ ಎರಡನೇ ಸೆಮಿಸ್ಟರಿನ ಫಿಸಿಕ್ಸ್ ನೆನಪು ಮಾಡ್ಕೋಬೇಕು. ವಿವರ್ತನೆ. ಯಾವ ಕಿಂಡಿಯ ಮೂಲಕ ಹೋದರೂ ಬೆಳಕಿನ ಬಿಂದು ಬಿಂದುವಾಗಿ ಉಳಿಯಲ್ಲ, ಸಣ್ಣ ಬಿಲ್ಲೆ ಆಗುತ್ತೆ. ಆ ಬಿಲ್ಲೆಯ ವ್ಯಾಸ 2.44 ಗುಣಿಸು ತರಂಗದೂರ ಗುಣಿಸು ಎಫ್ ಸಂಖ್ಯೆ. ಹಸಿರು ಬೆಳಕಿಗೆ 0.55 ಮೈಕ್ರಾನ್ ಹಾಕಿದರೆ ಪಿ950ನಲ್ಲಿ ಬಿಲ್ಲೆ 8.7 ಮೈಕ್ರಾನ್. ಅದು ಅಡ್ಡಡ್ಡ ಆರೂವರೆ ಪಿಕ್ಸೆಲ್ ನುಂಗುತ್ತೆ. ಹಾಗಾದರೆ 1440 ಪಿಕ್ಸೆಲ್‌ನಲ್ಲಿ ಪ್ರತಿಯೊಂದೂ ಹೊಸ ಸುದ್ದಿ ಹೇಳ್ತಿಲ್ಲ, ಅಕ್ಕಪಕ್ಕದವು ಒಂದನ್ನೊಂದು ಕಾಪಿ ಹೊಡೀತಿವೆ. ಡಿ7000ನಲ್ಲಿ ಬಿಲ್ಲೆ 7.5 ಮೈಕ್ರಾನ್, ಒಂದೂವರೆ ಪಿಕ್ಸೆಲ್ ಅಷ್ಟೇ. ಅಲ್ಲಿ ತೊಂದರೆ ತಿರುಗುಮುರುಗು: ಲೆನ್ಸ್ ವಿವರ ಕೊಡ್ತಿದೆ, ಹಿಡಿಯೋಕೆ ಪಿಕ್ಸೆಲ್ ದಪ್ಪ. ಸಿಗ್ನಲ್ಸ್ ಪೇಪರ್ ಓದಿದವರಿಗೆ ನೈಕ್ವಿಸ್ಟ್ ನೆನಪಾಗಬಹುದು.

ಎರಡನ್ನೂ ಹಕ್ಕಿ ಮೈಮೇಲಿನ ಅಳತೆಗೆ ತಂದರೆ ಹೀಗೆ: 50 ಮೀಟರ್ ದೂರದಲ್ಲಿ ಡಿ7000 ಬೇರೆ ಬೇರೆ ಅಂತ ತೋರಿಸಬಲ್ಲ ಎರಡು ಗೆರೆಗಳ ನಡುವಿನ ಅಂತರ ಸುಮಾರು 1.6 ಮಿ.ಮೀ. ಪಿ950ದ್ದು 0.6 ಮಿ.ಮೀ. ಲೆನ್ಸ್ ದೋಷವೇ ಇಲ್ಲದ್ದು, ಕೈ ಅಲುಗಿಲ್ಲ, ಗಾಳಿ ಸ್ವಚ್ಛ ಅಂದುಕೊಂಡ ಲೆಕ್ಕ ಇದು. ಅಂದರೆ ಸೂಪರ್‌ಜೂಮ್‌ನ ನಿಜವಾದ ಲಾಭ ನಾಲ್ಕು ಪಟ್ಟಲ್ಲ, ಹೆಚ್ಚೆಂದರೆ ಎರಡೂವರೆ. ಹಾಗಿದ್ದರೂ ಅದು ಸಣ್ಣ ಲಾಭ ಅಲ್ಲ. ರೆಕ್ಕೆಯ ಗರಿ ಎಣಿಸೋದಕ್ಕೂ ‘ನೀಲಿ ಏನೋ ಇದೆ’ ಅನ್ನೋದಕ್ಕೂ ಇರೋ ವ್ಯತ್ಯಾಸ ಅದು. ಚಂದ್ರನ ಲೆಕ್ಕವೂ ಹೀಗೇ. ಪಿ950ನಲ್ಲಿ ಚಂದ್ರ ಚೌಕಟ್ಟಿನ ಎತ್ತರದ ಮುಕ್ಕಾಲು ಭಾಗಕ್ಕೆ ಹತ್ತಿರ ತುಂಬುತ್ತಾನೆ, 300 ಮಿ.ಮೀ. ಹಾಕಿದ ಡಿ7000ನಲ್ಲಿ ಅಡ್ಡಕ್ಕೆ 570 ಪಿಕ್ಸೆಲ್‌ನ ಬಟ್ಟಲು.

ಒಂದು ಎಚ್ಚರಿಕೆ. ಮಧ್ಯಾಹ್ನ 12ಕ್ಕೆ ಕೆರೆ ಆಚೆ ದಡದ ಹಕ್ಕಿಗೆ 2000 ಮಿ.ಮೀ. ಗುರಿ ಇಟ್ಟರೆ ಬಿಸಿ ಗಾಳಿಯ ನಡುಕ ಮಾತ್ರ ಸಿಗುತ್ತೆ, ಯಾವ ಕ್ಯಾಮೆರಾ ಆದರೂ ಸರಿ. ಬೆಳಿಗ್ಗೆ ಬೇಗ ಏಳೋದಕ್ಕೆ ಬದಲಿ ಇನ್ನೂ ಯಾರೂ ಕಂಡುಹಿಡಿದಿಲ್ಲ.

ಜಾಗವೂ ಮುಖ್ಯ. ರಂಗನತಿಟ್ಟಿನಲ್ಲಿ ದೋಣಿ ನಡುಗಡ್ಡೆಗಳ ಪಕ್ಕದಲ್ಲೇ ಹೋಗುತ್ತೆ, 300 ಮಿ.ಮೀ. ಸಾಕು. ಕೊಕ್ಕರೆ ಬೆಳ್ಳೂರಿನಲ್ಲಂತೂ ಕೊಕ್ಕರೆ, ಹೆಜ್ಜಾರ್ಲೆ ಊರಿನೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಸೂಪರ್‌ಜೂಮ್ ಬೇಕಾಗೋದು ದೊಡ್ಡ ತೆರೆದ ಕೆರೆಗಳಲ್ಲಿ, ನಾವು ಹತ್ತಿರ ಹೋದರೆ ಹಕ್ಕಿ ಎದ್ದುಹೋಗೋ ಕಡೆ. ತೇಜಸ್ವಿಯವರು ಹಕ್ಕಿ ಫೋಟೋ ತೆಗೀತಿದ್ದ ಫಿಲ್ಮ್ ಕಾಲದಲ್ಲಿ ಅಡಗಿ ಕೂತು ಕಾಯೋದೇ ಅರ್ಧ ಜೂಮ್. ಈಗಲೂ ಗೂಡಿನ ಹತ್ತಿರ ನುಗ್ಗದೆ ದೂರದಿಂದ ತೆಗೆಯೋಕೆ ಆಗೋದು ಸೂಪರ್‌ಜೂಮ್‌ನ ದೊಡ್ಡ ಗುಣ ಅಂತ ನಮಗನಿಸುತ್ತೆ.

ಹಾರೋ ಹಕ್ಕಿ ಬೇರೆ ವಿಷಯ. ಡಿ7000 ಫೋಕಸ್ ಮಾಡೋದು ಪ್ರತ್ಯೇಕ ಫೇಸ್ ಡಿಟೆಕ್ಷನ್ ಸೆನ್ಸರ್‌ನಿಂದ: ಫೋಕಸ್ ಯಾವ ಕಡೆಗೆ, ಎಷ್ಟು ತಪ್ಪಿದೆ ಅಂತ ಅದಕ್ಕೆ ಒಂದೇ ಏಟಿಗೆ ಗೊತ್ತಾಗುತ್ತೆ. ಪಿ950 ಹಿಂದೆ ಮುಂದೆ ಸರಿಸಿ ಎಲ್ಲಿ ಕಾಂಟ್ರಾಸ್ಟ್ ಜಾಸ್ತಿ ಅಂತ ಹುಡುಕುತ್ತೆ. ಕೂತ ಹಕ್ಕಿಗೆ ಪರವಾಗಿಲ್ಲ. ಗರುಡ ತಿರುಗಿ ಎರಗುವಾಗ ಅದು ಇನ್ನೂ ಹುಡುಕ್ತಾನೇ ಇರುತ್ತೆ.

ಈಗ ವೇದಿಕೆ. ರಾತ್ರಿ, ಬಣ್ಣದ ಲೈಟು, ಯಕ್ಷಗಾನದ ವೇಷ ಗಿರಕಿ ಹೊಡೀತಿದೆ. ಚಲನೆ ನಿಲ್ಲಿಸೋಕೆ ಶಟರ್ ಕನಿಷ್ಠ ಸೆಕೆಂಡಿನ 250ನೇ ಒಂದು ಭಾಗ ಬೇಕು. ಡಿ7000ಗೆ 50 ಮಿ.ಮೀ. ಎಫ್ 1.8 ಲೆನ್ಸ್ ಹಾಕಿ. ಕಿಂಡಿ 50 ಭಾಗಿಸು 1.8, ಸುಮಾರು 28 ಮಿ.ಮೀ. ಅಷ್ಟೇ ದೃಶ್ಯ ಪಿ950ನಲ್ಲಿ ಬರೋದು ನಿಜವಾದ 13.4 ಮಿ.ಮೀ. ಫೋಕಲ್ ಲೆಂಗ್ತಿನಲ್ಲಿ. ಅದರ ಅತಿ ದೊಡ್ಡ ಅಪರ್ಚರ್ ಎಫ್ 2.8 ಅಲ್ಲೂ ಉಳಿದಿದೆ ಅಂತ ಉದಾರವಾಗಿ ಒಪ್ಪಿಕೊಂಡರೂ ಕಿಂಡಿ 4.8 ಮಿ.ಮೀ. ವರ್ಗ ಮಾಡಿ ಹೋಲಿಸಿ: ಡಿ7000ಗೆ ಕನಿಷ್ಠ 30 ಪಟ್ಟು ಹೆಚ್ಚು ಬೆಳಕು. ಫೋಟಾನ್‌ಗಳ ಗದ್ದಲ ಅವುಗಳ ಸಂಖ್ಯೆಯ ವರ್ಗಮೂಲದಂತೆ ನಡೆಯೋದರಿಂದ ಚಿತ್ರದ ಶುಭ್ರತೆ ಐದೂವರೆ ಪಟ್ಟು ಮೇಲು.

‘ಆದರೆ ಸೆನ್ಸರ್ ಹತ್ತು ವರ್ಷ ಹೊಸದು’ ಅಂತ ಒಬ್ಬರು ಎದ್ದರು. ಒಳ್ಳೆ ಪ್ರಶ್ನೆ. 2010ರ ಹೊತ್ತಿನ ಒಳ್ಳೆ ಸೆನ್ಸರ್‌ಗಳೇ ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಎಲೆಕ್ಟ್ರಾನ್ ಮಾಡ್ತಿದ್ದವು. ಹೊಸದು ಒಂದು ಹನಿಯೂ ಬಿಡದೆ ಹಿಡಿದರೂ ಲಾಭ ಎರಡು ಪಟ್ಟು. 30ರ ಅಂತರವನ್ನು ಎರಡರಿಂದ ಮುಚ್ಚೋಕೆ ಆಗಲ್ಲ.

ಆದರೆ ಇಲ್ಲೇ ಒಂದು ಗುಂಡಿ ಇದೆ, ತುಂಬಾ ಜನ ಬೀಳೋದು ಇಲ್ಲಿ. ಅದೇ ಡಿ7000ಗೆ ಜೊತೆಗೆ ಬರೋ 18-55 ಕಿಟ್ ಲೆನ್ಸ್ ಹಾಕಿ 55ಕ್ಕೆ ತಿರುಗಿಸಿದರೆ ಎಫ್ 5.6. ಆ 30 ಪಟ್ಟು ಮೂರು ಚಿಲ್ಲರೆಗೆ ಇಳಿಯುತ್ತೆ. ದೊಡ್ಡ ಸೆನ್ಸರ್ ಕೊಂಡು ಅದರ ಮುಂದೆ ಸಣ್ಣ ಕಿಂಡಿ ಇಟ್ಟಂಗಾಯ್ತು. ಕಿಟ್ ಲೆನ್ಸ್ ಬಿಟ್ಟು ಇನ್ನೊಂದು ಲೆನ್ಸ್ ತಗೊಳ್ಳೋ ಯೋಚನೆಯೇ ಇಲ್ಲ ಅನ್ನೋರಿಗೆ ಹಳೇ ಡಿಎಸ್‌ಎಲ್‌ಆರ್ ಬೇಡ ಅಂತಲೇ ನಮ್ಮ ಸಲಹೆ. ಬಿಸಿಲಿನಲ್ಲಿ ಆ ಕೆಲಸವನ್ನ ಜೇಬಿನಲ್ಲಿರೋ ಫೋನೇ ಮಾಡುತ್ತೆ.

ಉಳಿದದ್ದು ಬೇಗ ಮುಗಿಸೋಣ. ವಿಡಿಯೋಗೆ ಪಿ950 ಮೇಲು: 4ಕೆ ಇದೆ, ಡಿ7000ನಲ್ಲಿ 1080 ಮಾತ್ರ. ತೂಕ ಪಿ950 ಒಂದು ಕೆ.ಜಿ., ಡಿ7000 ಮತ್ತು 70-300 ಸೇರಿ ಒಂದೂವರೆ. ಬ್ಯಾಟರಿ ಮಾತ್ರ ಉಲ್ಟಾ: ಒಂದು ಚಾರ್ಜ್‌ಗೆ ಡಿ7000 ಸಾವಿರ ದಾಟುತ್ತೆ, ಪಿ950 ಮುನ್ನೂರರ ಒಳಗೇ. ಪಿ950 ಕೊಳ್ಳೋರು ಎರಡನೇ ಬ್ಯಾಟರಿ ದುಡ್ಡನ್ನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. ಇನ್ನೊಂದು, ಅದರ ಹಿಂದಿನ ಪಿ900ನಲ್ಲಿ ರಾ ಫೈಲ್ ಬರಲ್ಲ, ಪಿ950ನಲ್ಲಿ ಬರುತ್ತೆ. ಸೆಕೆಂಡ್ ಹ್ಯಾಂಡ್ ಅಂತ ಪಿ900 ಸಿಕ್ಕರೆ ಇದು ಗೊತ್ತಿರಲಿ.

ಸಂಘಕ್ಕೆ ನಾವು ಡಿ7000 ಮತ್ತು 50 ಮಿ.ಮೀ. ಎಫ್ 1.8 ಅಂತ ತೀರ್ಮಾನ ಮಾಡಿದ್ದೀವಿ. ಕಾರಣ ಸರಳ: ಕೆರೆಯ ಮಿಂಚುಳ್ಳಿ ಮುಂದಿನ ಭಾನುವಾರವೂ ಸಿಗಬಹುದು, ಫೈನಲ್ ಇಯರಿನವರ ಕೊನೆಯ ನಾಟಕ ಒಂದೇ ರಾತ್ರಿ. ಕೆರೆ ಪಕ್ಷದವರು ಒಪ್ಪಿದರು, ಖುಷಿಯಿಂದ ಅಲ್ಲ. ಅವರಲ್ಲಿ ಒಬ್ಬರು ಸ್ವಂತಕ್ಕೆ ಪಿ950 ತಗೋತಿದ್ದಾರೆ, ಅವರಿಗೆ ಅದೇ ಸರಿ. ನೀವು ಕಳೆದ ಒಂದು ವರ್ಷ ಫೋನಿನಲ್ಲಿ ತೆಗೆದ ಫೋಟೋಗಳನ್ನ ತೆರೆದು ನೋಡಿ. ಕೆಟ್ಟುಹೋದವು ಕತ್ತಲಿಂದ ಕೆಟ್ಟಿದ್ದರೆ ಒಂದು ದಾರಿ, ದೂರದಿಂದ ಕೆಟ್ಟಿದ್ದರೆ ಇನ್ನೊಂದು.

ಹಳೇದು ಕೊಳ್ಳೋಕೆ ಹೊರಟರೆ ಲ್ಯಾಪ್‌ಟಾಪ್ ಜೊತೆಗಿರಲಿ. ಅಲ್ಲೇ ಒಂದು ಜೆಪೆಗ್ ತೆಗೆದು ಎಕ್ಸಿಫ್‌ಟೂಲ್‌ನಲ್ಲಿ ಶಟರ್ ಕೌಂಟ್ ನೋಡಿ. ಡಿ7000 ಶಟರನ್ನು 1,50,000 ಸಲಕ್ಕೆ ಪರೀಕ್ಷಿಸಲಾಗಿದೆ ಅಂತ ಕಂಪನಿ ಹೇಳುತ್ತೆ, 1,20,000 ದಾಟಿದ್ದರೆ ಬೆಲೆ ಇಳಿಸಿ ಕೇಳಿ. ಬಿಳಿ ಗೋಡೆಗೆ ಎಫ್ 16ರಲ್ಲಿ ಒಂದು ಫೋಟೋ ತೆಗೆದರೆ ಸೆನ್ಸರ್ ಮೇಲಿನ ಕಲೆ ಕಾಣುತ್ತೆ. ಲೆನ್ಸ್ ಬಿಚ್ಚಿ, ಹಿಂದಿನಿಂದ ಫೋನಿನ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಜೇಡನ ಬಲೆ ತರ ಎಳೆಗಳು ಕಂಡರೆ ಅದು ಫಂಗಸ್, ಮಲೆನಾಡು ಕರಾವಳಿ ಕಡೆಯಿಂದ ಬಂದ ಲೆನ್ಸ್‌ಗಳಲ್ಲಿ ಮಳೆಗಾಲದ ತೇವಕ್ಕೆ ಹಿಡಿಯೋದು, ಅಂಥದ್ದು ಬೇಡ. 50 ಮಿ.ಮೀ. ಲೆನ್ಸ್‌ನ ಹಳೇ ‘ಡಿ’ ಮಾದರಿ ಅಗ್ಗ. ಅದರ ಆಟೋಫೋಕಸ್‌ಗೆ ಬಾಡಿಯೊಳಗೆ ಮೋಟರ್ ಇರಬೇಕು. ಡಿ7000, ಡಿ90ರಲ್ಲಿ ಇದೆ, ಡಿ3100, ಡಿ5100ರಲ್ಲಿ ಇಲ್ಲ. ಆ ಬಾಡಿಗಳಾದರೆ ಹೆಸರಿನಲ್ಲಿ ‘ಎಎಫ್-ಎಸ್’ ಅಂತ ಇರೋ ಲೆನ್ಸ್ ಕೇಳಿ, ಸ್ವಲ್ಪ ಜಾಸ್ತಿ ಆಗುತ್ತೆ.