ಬೇಳೆ ಬಿಟ್ಟರೆ ಶುಗರ್ ಬಿಡುತ್ತದೆಯೇ?

ಪ್ರಶ್ನೆ: ನನಗೆ 46 ವರ್ಷ, ಬ್ಯಾಂಕ್ ಕೆಲಸ. ತೂಕ 74 ಕೆ.ಜಿ., ಎತ್ತರ 5 ಅಡಿ 5 ಅಂಗುಲ. ಅಪ್ಪನಿಗೂ ದೊಡ್ಡಪ್ಪನಿಗೂ ಶುಗರ್ ಇತ್ತು. ನನ್ನ ಫಾಸ್ಟಿಂಗ್ 108, ಎಚ್‌ಬಿಎ1ಸಿ 6.0. ಮಗಳು ಒತ್ತಾಯ ಮಾಡಿ ದುಬಾರಿ ಪ್ಯಾಕೇಜ್ ಒಂದರಲ್ಲಿ ರಕ್ತಪರೀಕ್ಷೆ ಮಾಡಿಸಿದಳು. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಜಾಸ್ತಿ, ಗ್ಲೈಸಿನ್ ಕಡಿಮೆ ಎಂದು ಕೆಂಪಕ್ಷರದಲ್ಲಿ ಬಂದಿದೆ. ಇವೆಲ್ಲ ಪ್ರೋಟೀನಿನಲ್ಲಿ ಇರುತ್ತವಂತೆ. ಅಂದಿನಿಂದ ಮನೆಯಲ್ಲಿ ತೊಗರಿಬೇಳೆ, ಮೊಟ್ಟೆ ಬಂದ್. ಇದು ಸರಿಯೇ ಡಾಕ್ಟರೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಬೇಳೆಯನ್ನು ಇವತ್ತೇ ಒಲೆಗೆ ಏರಿಸಿ. ಕಾರಣ ಆಮೇಲೆ ಓದಿದರೂ ನಡೆಯುತ್ತದೆ.

ವರದಿಯಲ್ಲಿ ಸುಳ್ಳೇನಿಲ್ಲ. ಬೊಜ್ಜು ಇರುವವರ ರಕ್ತದಲ್ಲಿ ಈ ಮೂರು ಅಮೈನೋ ಆಮ್ಲಗಳು ಹೆಚ್ಚಿರುತ್ತವೆ ಎಂಬುದು 1969ರಿಂದಲೂ ಗೊತ್ತಿದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಸಕ್ಕರೆ ಸಹಜವಾಗಿದ್ದ 2,422 ಜನರನ್ನು 12 ವರ್ಷ ಗಮನಿಸಿದರು. 201 ಮಂದಿಗೆ ಮಧುಮೇಹ ಬಂತು. ಕಾಯಿಲೆ ಬರುವುದಕ್ಕೆ ಎಷ್ಟೋ ಮೊದಲು ತೆಗೆದಿಟ್ಟಿದ್ದ ರಕ್ತ ಪರೀಕ್ಷಿಸಿದರೆ, ಈ ಮೂರರ ಜೊತೆಗೆ ಫಿನೈಲಾಲನಿನ್, ಟೈರೋಸಿನ್ ಕೂಡ ಅವರಲ್ಲಿ ಆಗಲೇ ಏರಿದ್ದವು. 2011ರಲ್ಲಿ ಇದು ಪ್ರಕಟವಾದ ಮೇಲೆಯೇ ಅಮೈನೋ ಆಮ್ಲಗಳ ಮೇಲೆ ಎಲ್ಲರ ಕಣ್ಣು ಬಿದ್ದದ್ದು.

ಆದರೆ ಏರಿದ್ದು ಏಕೆ? ಇನ್ಸುಲಿನ್ ಎಂದರೆ ಸಕ್ಕರೆಯ ಹಾರ್ಮೋನ್ ಎಂದಷ್ಟೇ ನಮಗೆ ಪರಿಚಯ. ಸ್ನಾಯುವಿನ ಪ್ರೋಟೀನ್ ಸುಮ್ಮನೆ ಕರಗಿಹೋಗದಂತೆ ತಡೆಯುವುದೂ ಅದೇ. ದೇಹ ಇನ್ಸುಲಿನ್ನಿನ ಮಾತು ಕೇಳದಾದಾಗ ಆ ಹಿಡಿತ ಸಡಿಲವಾಗುತ್ತದೆ. ಈ ಮೂರು ಆಮ್ಲಗಳನ್ನು ಒಡೆದು ಉರಿಸುವ ಕಿಣ್ವಗಳೂ ಯಕೃತ್ತಿನಲ್ಲಿ, ಕೊಬ್ಬಿನ ಅಂಗಾಂಶದಲ್ಲಿ ಮಂಕಾಗುತ್ತವೆ. ಬಚ್ಚಲಲ್ಲಿ ನೀರು ನಿಂತರೆ ನಾವು ನಲ್ಲಿಯನ್ನು ಬೈಯುವುದಿಲ್ಲ, ತೂಬಿಗೆ ಕಡ್ಡಿ ಹಾಕುತ್ತೇವೆ. ನಿಮ್ಮದು ತೂಬಿನ ತೊಂದರೆ. ಗ್ಲೈಸಿನ್ ಇಳಿದಿರುವುದೂ ಇದೇ ಕಥೆಯ ಇನ್ನೊಂದು ತುದಿ. ಆ ಆಮ್ಲಗಳೇ ಕಾಯಿಲೆಗೆ ದಾರಿ ಮಾಡುತ್ತವೆ ಎನ್ನಲು ವಂಶವಾಹಿ ಅಧ್ಯಯನಗಳಲ್ಲಿ ಸ್ವಲ್ಪ ಪುರಾವೆ ಇದೆ, ಇನ್ಸುಲಿನ್ ಪ್ರತಿರೋಧವೇ ಮೊದಲು ಎನ್ನಲೂ ಇದೆ. ಆ ಜಗಳ ಇನ್ನೂ ನಡೆಯುತ್ತಿದೆ.

ಈ ಪರೀಕ್ಷೆ ನಿಜಕ್ಕೂ ಬೇಕಾಗುವುದು ಹಸುಗೂಸುಗಳಿಗೆ. ಮೂತ್ರ ಸುಟ್ಟ ಸಕ್ಕರೆಯ ಹಾಗೆ ವಾಸನೆ ಬರುವ ಅಪರೂಪದ ಹುಟ್ಟುಕಾಯಿಲೆಯೊಂದಿದೆ. ಅದರಲ್ಲಿ ಇವೇ ಮೂರು ವಿಪರೀತ ಏರಿ ಮಗುವಿನ ಮಿದುಳಿಗೇ ಕುತ್ತು ತರುತ್ತವೆ. ಮಧುಮೇಹದ ಮಟ್ಟಿಗೆ ಮಾತ್ರ, ಇಷ್ಟು ದಾಟಿದರೆ ಕಾಯಿಲೆ ಎನ್ನುವ ಒಪ್ಪಿತ ಗಡಿಯೇ ಇಲ್ಲ. ಆ ಹಾಳೆ ನೋಡಿ ನಾನು ಬರೆಯಬಹುದಾದ ಬೇರೆ ಔಷಧಿಯೂ ಇಲ್ಲ. ಮಗಳ ಕಾಳಜಿ ದೊಡ್ಡದು, ಹಣ ಮಾತ್ರ ದಂಡ.

ನಿಮಗೆ ಬೇಕಾದ ಸುದ್ದಿಯನ್ನು ಅಗ್ಗದ ಪರೀಕ್ಷೆಗಳೇ ಹೇಳಿವೆ. ಫಾಸ್ಟಿಂಗ್ 100ರಿಂದ 125, ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಮಧುಮೇಹದ ಹೊಸ್ತಿಲು. ಸೊಂಟದ ಸುತ್ತಳತೆ ತೆಗೆಯಿರಿ. ಗಂಡಸರಿಗೆ 90 ಸೆಂ.ಮೀ. ದಾಟಬಾರದು. ಟ್ರೈಗ್ಲಿಸರೈಡ್, ಎಚ್‌ಡಿಎಲ್ ನೋಡಿಸಿ. ಚೆನ್ನೈನ ತಂಡವೊಂದು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇದೇ ಹೊಸ್ತಿಲಲ್ಲಿದ್ದವರು ಊಟ, ನಡಿಗೆ ತಿದ್ದಿಕೊಂಡದ್ದರಿಂದ ಮಧುಮೇಹದ ಅಪಾಯ ಶೇ. 28.5ರಷ್ಟು ತಗ್ಗಿತು. ಇನ್ನೊಂದು ಮಾತು: ಬೇಳೆ ಬಿಟ್ಟ ಮೇಲೆ ಆ ಜಾಗಕ್ಕೆ ಏನು ಬಂತು? ಇನ್ನೊಂದು ಸೌಟು ಅನ್ನ ತಾನೇ? ಕಳೆಯಬೇಕಾದದ್ದು ಅದನ್ನು. ಮೂತ್ರಪಿಂಡದ ತೊಂದರೆ ಇದ್ದವರಿಗೆ ಮಾತ್ರ ಪ್ರೋಟೀನಿನ ಲೆಕ್ಕ ಬೇರೆ. ಕ್ರಿಯಾಟಿನಿನ್ ಒಮ್ಮೆ ನೋಡಿಸಿಕೊಳ್ಳಿ.

ಪ್ರಶ್ನೆ: 24 ವರ್ಷದ ಮಗ ಜಿಮ್‌ಗೆ ಹೋಗುತ್ತಾನೆ. ವ್ಹೇ ಪ್ರೋಟೀನ್ ಸಾಲದೆಂದು ಬಿಸಿಎಎ ಎಂಬ ಪುಡಿಯನ್ನೂ ಕುಡಿಯುತ್ತಾನೆ. ಅದರಿಂದ ಶುಗರ್ ಬರುತ್ತದೆಯೇ?
– ಒಬ್ಬ ತಾಯಿ, ಹಾಸನ

ಉತ್ತರ: ಬಿಸಿಎಎ ಎಂದರೆ ಮೇಲೆ ಹೇಳಿದ ಅದೇ ಮೂರು. ಬೆವರಿಳಿಸಿ ಕಬ್ಬಿಣ ಎತ್ತುವ ಹುಡುಗನಿಗೆ ಆ ಪುಡಿಯಿಂದ ಮಧುಮೇಹ ಬರುತ್ತದೆ ಎನ್ನಲು ಆಧಾರವಿಲ್ಲ ತಾಯಿ, ಹೆದರಬೇಡಿ. ಆದರೆ ಸ್ನಾಯು ಕಟ್ಟಲು ಆಹಾರದಿಂದಲೇ ಬರಬೇಕಾದ ಅಮೈನೋ ಆಮ್ಲಗಳು ಒಂಬತ್ತು. ಮೂರನ್ನೇ ಸುರಿದರೆ ಗೋಡೆ ಏಳುವುದಿಲ್ಲ, ಮತ್ತು ವ್ಹೇಯಲ್ಲಿ ಒಂಬತ್ತೂ ಇವೆ. ಆ ದುಡ್ಡಿಗೆ ಮೊಟ್ಟೆ, ಹಾಲು, ಹುರುಳಿಕಾಳು ತನ್ನಿ ಎಂದು ಅವನಿಗೆ ಹೇಳಿ.

ಪ್ರಶ್ನೆ: ವಯಸ್ಸು 38. ಫಾಸ್ಟಿಂಗ್ 92, ಎಚ್‌ಬಿಎ1ಸಿ ಮಾತ್ರ 6.3. ಮುಟ್ಟಿನಲ್ಲಿ ಸ್ರಾವ ಬಹಳ, ಹಿಮೋಗ್ಲೋಬಿನ್ 8.5. ನನಗೆ ಶುಗರ್ ಶುರುವಾಗಿದೆಯೇ?
– ಓದುಗರು, ಕಲಬುರಗಿ

ಉತ್ತರ: ಈಗಲೇ ಹೇಳಲಾಗದು. ಕಬ್ಬಿಣಾಂಶ ಕಡಿಮೆಯಾದಾಗ ಕೆಂಪು ರಕ್ತಕಣಗಳು ಹೆಚ್ಚು ದಿನ ಉಳಿಯುತ್ತವೆ, ಅವಕ್ಕೆ ಸಕ್ಕರೆ ಅಂಟುವುದೂ ಹೆಚ್ಚು. ಹಾಗಾಗಿ ಎಚ್‌ಬಿಎ1ಸಿ ಇದ್ದದ್ದಕ್ಕಿಂತ ಮೇಲೆ ತೋರಬಹುದು. 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಯ ಬಳಿಕ ರಕ್ತ ಕೊಡುವ ಪರೀಕ್ಷೆ ಮಾಡಿಸಿ, ಅದಕ್ಕೆ ರಕ್ತಹೀನತೆಯ ಕಾಟವಿಲ್ಲ. ಅದಕ್ಕಿಂತ ಮೊದಲು ಸ್ತ್ರೀರೋಗ ತಜ್ಞರ ಬಳಿ ಹೋಗಿ, 8.5ಕ್ಕೆ ಇಳಿಯುವಷ್ಟು ರಕ್ತ ಯಾಕೆ ಹೋಗುತ್ತಿದೆ ಎಂದು ಪತ್ತೆಯಾಗಬೇಕು.